ಹಿರೇರ ಸಾಲಿನ ಖಾಕಿ ಕೋಟು

ನಿವೃತ್ತ ಮೇಷ್ಟರೊಬ್ಬರು ಮಧ್ಯಾಹ್ನ ಬಾಗಿಲು ಹಾಕಿಕೊಂಡು ಮಿಲಿಟರಿ ಕೋಟು ತೊಟ್ಟು ಕನ್ನಡಿಯ ಮುಂದೆ ನಿಲ್ಲುವುದು ಅಷ್ಟೇನೂ ಗೌರವದ ಕೆಲಸವಲ್ಲ. ನಾನು ನಿಂತೆ. ತೋಳುಗಳು ನನ್ನ ಬೆರಳ ತುದಿಯನ್ನೂ ದಾಟಿ ಜೋತುಬಿದ್ದವು. ಹೆಗಲ ಹೊಲಿಗೆ ಮೊಣಕೈಯ ಹತ್ತಿರ ಇಳಿದಿತ್ತು. ಕನ್ನಡಿಯಲ್ಲಿ ಸಿಪಾಯಿ ಕಾಣಲಿಲ್ಲ, ಜೋಳದ ಹೊಲದ ಬೆದರುಬೊಂಬೆ ಕಂಡಿತು. ಕಿಟಕಿಯಿಂದ ಇಣುಕಿದ ನನ್ನ ಹೆಂಡತಿ, "ಅದರಾಗ ನೀವು ಎಲ್ಲಿ ಅದೀರಿ?" ಎಂದು ಕೇಳಿ ಒಳಗೆ ಹೋದಳು.

ಕೋಟು ನಮ್ಮ ಅಜ್ಜನದು. ಅಜ್ಜ ಬರ್ಮಾ ಲಡಾಯಿಗೆ ಹೋಗಿದ್ದನಂತೆ. ಕಾಗದಪತ್ರ ಯಾವುದೂ ಉಳಿದಿಲ್ಲ. ನನ್ನ ಅಪ್ಪ ತೀರಿಕೊಂಡ ಮೇಲೆ ಕೋಟು ಹಗರಿಬೊಮ್ಮನಹಳ್ಳಿಯ ನನ್ನ ಮನೆಗೆ ಬಂತು. ಅದರ ಜೊತೆಗೇ ಹಿರೇರ ಹಬ್ಬ ಮಾಡುವ ಹೊಣೆಯೂ ಬಂತು. ಮಹಾಲಯ ಅಮಾವಾಸ್ಯೆಯ ದಿನ ಮಣೆಯ ಮೇಲೆ ತೀರಿಹೋದವರ ಬಟ್ಟೆಗಳನ್ನು ಸಾಲಾಗಿ ಇಟ್ಟು, ವಿಭೂತಿ ಹಚ್ಚಿ, ಮುಂದೆ ಎಲೆ ಹಾಕಿ ಎಡೆ ಬಡಿಸುತ್ತೇವೆ. ಬದುಕಿದ್ದವರ ಬಟ್ಟೆ ಆ ಸಾಲಿಗೆ ಸೋಕುವಂತಿಲ್ಲ. ಚಿಕ್ಕವನಿದ್ದಾಗ ಆಟಕ್ಕೆ ನನ್ನ ಅಂಗಿಯನ್ನು ಅಲ್ಲಿಟ್ಟು ಅವ್ವನ ಕೈಯಲ್ಲಿ ಏಟು ತಿಂದದ್ದು ನೆನಪಿದೆ. ಖಾಕಿ ಕೋಟು ಮಾತ್ರ ನಾನು ಕಣ್ಣು ಬಿಟ್ಟಾಗಿನಿಂದ ಆ ಸಾಲಿನಲ್ಲೇ ಇತ್ತು.

ಈಗ ಅದರ ಹುಟ್ಟುಮೂಲ ಹುಡುಕುವ ಉಸಾಬರಿ ನನಗೇಕೆ ಬಂತೆಂದರೆ, ಗೌರತ್ತೆಯಿಂದ. ಗೌರತ್ತೆ ಅಪ್ಪನ ಅಕ್ಕ, ಅಜ್ಜನ ಹಿರಿಯ ಮಗಳು. ಅವಳನ್ನು ಕೊಟ್ಟೂರಿಗೆ ಮದುವೆ ಮಾಡಿಕೊಟ್ಟರು. ಹೊಸದರಲ್ಲಿ ಅವಳ ಗಂಡ, ಅಂದರೆ ನಮ್ಮ ಮಾವ, ಒಂದು ಚೇಷ್ಟೆಯ ಮಾತು ಕಟ್ಟಿದ: "ನಿಮ್ಮಪ್ಪ ಬರ್ಮಾಕ ಹೋಗಿದ್ದಿಲ್ಲ ಬಿಡು, ಸಂತಿಗಿ ಹೋಗಿದ್ದ." ಲಡಾಯಿ ಮುಗಿದ ಮೇಲೆ ಸಿಪಾಯಿಗಳ ಹಳೆಯ ಬಟ್ಟೆಗಳು ಸಂತೆಗಳಲ್ಲಿ ರಾಶಿ ರಾಶಿ ಮಾರಾಟವಾಗುತ್ತಿದ್ದವಂತೆ. ಅಲ್ಲಿಂದ ತಂದ ಕೋಟಿಗೆ ಬರ್ಮಾದ ಕಥೆ ಅಂಟಿಸಿದ್ದಾನೆ ಎಂಬುದು ಮಾವನ ವಾದ. ಆ ಮಾತು ನಾದಿನಿಯರ ಬಾಯಿಗೆ ಹೋಯಿತು, ಅಲ್ಲಿಂದ ಅವರ ಮಕ್ಕಳ ಬಾಯಿಗೆ. ಮಾವನಿಗೆ ಅದು ಈಗಲೂ ತಮಾಷೆಯೇ. ಅತ್ತೆ ನಗುವುದನ್ನು ಎಂದೋ ಬಿಟ್ಟಿದ್ದಾಳೆ. ಈ ಸಲ ಹಬ್ಬ ಹತ್ತಿರ ಬಂದಾಗ ಫೋನ್ ಮಾಡಿದಳು.

"ನೀ ಓದಿದಾಂವ. ಖಾತ್ರಿ ಮಾಡಿ ಹೇಳು. ಸಂತಿ ಮಾಲು ಅಂತಾದ್ರ ಎಡಿಗಿ ಇಡಾದು ಬ್ಯಾಡ. ನಮ್ಮಪ್ಪ ಸುಳ್ಳು ಹೇಳಿದ್ದ ಅಂತ ತಿಳ್ಕೊಂಡು ಸುಮ್ಮನಾಕ್ಕೀನಿ."

ಹಾಗಾಗಿ ಭೂತಗನ್ನಡಿ ಕೊಂಡೆ. ಹಿಂದೆ ಮಕ್ಕಳನ್ನು ಕೋಗಳಿಯ ಬಸದಿಗೆ ಕರೆದೊಯ್ದಾಗ, ಅಕ್ಷರದ ತಿರುವು ನೋಡಿ ಶಾಸನದ ಕಾಲ ಹೇಳುತ್ತಾರೆಂದು ದೊಡ್ಡ ದನಿಯಲ್ಲಿ ವಿವರಿಸಿದವನು ನಾನು. ಕಲ್ಲು ಎಷ್ಟೋ ವಾಸಿ. ದಾನ ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಅದನ್ನು ಕೆಡಿಸಿದವರು ಏನಾಗಲಿ ಎಂಬುದನ್ನೂ ಹೇಳಿಬಿಡುತ್ತದೆ. ಬಟ್ಟೆ ಬಾಯಿ ಬಿಡುವುದಿಲ್ಲ. ಹಿತ್ತಾಳೆಯ ಗುಂಡಿಗಳಿದ್ದವು ನಿಜ, ಆದರೆ ಅಜ್ಜಿ ಪ್ರತಿ ಹಬ್ಬಕ್ಕೂ ಅವನ್ನು ಪೂಜೆಯ ತಂಬಿಗೆಯಂತೆ ಹುಣಸೆಹಣ್ಣು ಹಚ್ಚಿ ತಿಕ್ಕಿದ್ದಳು, ಆಮೇಲೆ ವಿಭೂತಿ ಬಳಿದಿದ್ದಳು. ಚರಿತ್ರೆಯ ಅರ್ಧವನ್ನು ಭಕ್ತಿಯೇ ಅಳಿಸಿತ್ತು. ಉಳಿದದ್ದನ್ನು ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಬಿಡಿಸಿದಾಗ ಒಂದು ಕಿರೀಟದ ಅಂಚು ಕಂಡಿತು. ಕೊರಳಪಟ್ಟಿಯ ಒಳಗೆ, ಮಾಸಿದ ಮಸಿಯಲ್ಲಿ, ಬಾಣದ ಮೊನೆಯಂಥದೊಂದು ಮುದ್ರೆ ಇತ್ತು.

ಅಷ್ಟನ್ನು ಹೊತ್ತುಕೊಂಡು ಹರಪನಹಳ್ಳಿಯ ನಿವೃತ್ತ ಸುಬೇದಾರರೊಬ್ಬರ ಮನೆಗೆ ಹೋದೆ. ಅವರು ಕೋಟನ್ನು ಮಂಚದ ಮೇಲೆ ಹರಡಿ, ಒಳಮಗ್ಗುಲು ತಿರುವಿ, ಬಹಳ ಹೊತ್ತು ನೋಡಿದರು.

"ಬಟ್ಟಿ ಖರೇ ಐತ್ರಿ ಮೇಷ್ಟ್ರೇ. ಕಿರೀಟ ಐತಿ ಅಂದ್ರ ಸ್ವಾತಂತ್ರ್ಯದಕಿಂತ ಮೊದಲಿಂದು. ಈ ಬಾಣ ಸರ್ಕಾರಿ ಸಾಮಾನಿನ ಗುರುತು. ನಮ್ಮ ದೇಶದಾಗ ಹೊಲಿಸಿದ್ದು, ಲಡಾಯಿ ಕಾಲದ್ದ ಇರಬೇಕು."

ನನಗೆ ಆಗಲೇ ಕೊಟ್ಟೂರಿಗೆ ಫೋನ್ ಮಾಡುವ ಆತುರ. ಅವರು ಕೈ ಎತ್ತಿ ತಡೆದರು.

"ನಿಮ್ಮಜ್ಜಾರು ಎತ್ತರ ಎಷ್ಟಿದ್ರು?"

"ನನಗಿಂತ ಒಂದು ಬೆರಳು ಕಮ್ಮಿ ಇದ್ರಂತ್ರಿ. ನಮ್ಮ ಮನೆತನದಾಗ ಬಾಗಿಲಕ್ಕ ತಲಿ ಬಗ್ಗಿಸಿದವರು ಯಾರೂ ಇಲ್ರಿ."

"ಹಂಗಾರೆ ಇದು ಅವರದಲ್ಲ ನೋಡ್ರಿ. ಪಲ್ಟನ್‌ನಾಗ ಒಂದೀಟು ಹೆಚ್ಚುಕಮ್ಮಿ ಅಳತಿ ಕೊಡ್ತಾರ, ಇಷ್ಟಲ್ಲ. ಕೊರಳಪಟ್ಟಿ ಸವದೈತಿ, ಅಂದ್ರ ಒಬ್ಬ ಎತ್ತರದ ಮನುಷ್ಯ ಇದನ್ನ ಭಾಳ ದಿನ ತೊಟ್ಟಾನ."

ಆಮೇಲೆ ಅವರ ಬೆರಳು ಎಡ ಪಕ್ಕೆಯ ಹತ್ತಿರ ನಿಂತಿತು. ಅಲ್ಲೊಂದು ದುಂಡನೆಯ ತೇಪೆ ಇದೆ. ಇಲಿ ಕಡಿದದ್ದೆಂದು ನಮ್ಮ ಮನೆಯಲ್ಲಿ ಹೇಳುತ್ತಿದ್ದರು, ನಾನೂ ಅದನ್ನೇ ಹೇಳಿದೆ. ಸುಬೇದಾರರು ತೇಪೆಯ ದುಂಡನೆಯ ಅಂಚಿನ ಸುತ್ತ ಬೆರಳಾಡಿಸಿದರು. ತೇಪೆಯ ದಾರವನ್ನು ಕೋಟಿನ ಒಳ ಅಂಚಿನಿಂದಲೇ ಬಿಡಿಸಿ ತೆಗೆದಿದ್ದಾರೆ, ಎರಡರ ಬಣ್ಣ ಒಂದೇ ಇದೆ ಎಂದು ತೋರಿಸಿದರು. "ಯಾರೋ ಭಾಳ ಸಮಾಧಾನದಿಂದ ಹೊಲದಾರ್ರಿ" ಎಂದರು. ಕೋಟನ್ನು ಮಡಚಿ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಆ ತೂತು ಯಾವುದರದು ಎಂದು ನಾನು ಇಂದಿಗೂ ಹೇಳಲಾರೆ. ಹರಪನಹಳ್ಳಿಯಿಂದ ಬರುವಾಗ ಬಸ್ಸಿನಲ್ಲಿ ಕಾಲ ಬಳಿ ಜಾಗವಿದ್ದರೂ ಚೀಲವನ್ನು ಕೆಳಗಿಡಲು ಮನಸ್ಸಾಗಲಿಲ್ಲ, ತೊಡೆಯ ಮೇಲೇ ಇಟ್ಟುಕೊಂಡು ಬಂದೆ, ಇಷ್ಟು ಮಾತ್ರ ಹೇಳಬಲ್ಲೆ.

ಹಬ್ಬದ ಬೆಳಿಗ್ಗೆ ಅತ್ತೆ ಮಾವ ಬಂದರು. ಸುಬೇದಾರರು ಹೇಳಿದ್ದನ್ನು ಕೂಡಿಸದೆ ಕಳೆಯದೆ ಹೇಳಿದೆ. ಕಾಲ ಸರಿ, ಬಟ್ಟೆ ಸರಿ, ಆದರೆ ಕೋಟು ಅಜ್ಜನದಲ್ಲ.

"ನಾ ಏನ್ ಹೇಳ್ತಿದ್ದೆ?" ಮಾವ ತೊಡೆ ತಟ್ಟಿದ. "ಸಂತಿಯಾಗ ಅಳತಿ ನೋಡಿ ಯಾರು ಕೊಡ್ತಾರ? ಸಿಕ್ಕಿದ್ದು ತಂದಾನ!"

ಅತ್ತೆ ಮಣೆಯ ಮೇಲಿದ್ದ ಕೋಟನ್ನು ಎತ್ತಿಕೊಂಡು ಮಡಚತೊಡಗಿದಳು, ತೆಗೆದಿಡಲು. ನಾನು ಹೊಸಲಿನಲ್ಲಿ ನಿಂತು ನನ್ನ ಭೂತಗನ್ನಡಿಯನ್ನು ಶಪಿಸುತ್ತಿದ್ದೆ. ಒಂದು ತೋಳು ಮಡಚಿದವಳು ಅಲ್ಲೇ ನಿಂತಳು.

"ಇದನ್ನ ಎಡಿಗಿ ಇಡಾಕ ಸುರು ಮಾಡಿದ್ದು ಯಾರಂತ ಗೊತ್ತೇನು ನಿನಗ?"

"ನಮ್ಮಪ್ಪ ಅಲ್ಲೇನು? ಅಜ್ಜ ಸತ್ತ ಮ್ಯಾಲೆ."

"ಅಲ್ಲೋ. ನಿಮ್ಮಪ್ಪ ಆವಾಗ ತೊಟ್ಟಿಲ ಕೂಸು. ನಾ ಲಂಗ ಹಾಕ್ಕೊಂಡು ಓಡ್ಯಾಡ್ತಿದ್ದೆ. ನಮ್ಮಪ್ಪನ ಇಡ್ತಿದ್ದ, ತನ್ನ ಕೈಲೆ. ಇಟ್ಟು ಹೊರಗ ಹೋಗಿ ಕಟ್ಟಿ ಮ್ಯಾಲೆ ಕುಂದ್ರತಿದ್ದ, ಯಾರ ಜೋಡಿನೂ ಮಾತಾಡ್ತಿದ್ದಿಲ್ಲ." ಅತ್ತೆ ಗಂಡನ ಕಡೆ ತಿರುಗಿದಳು. "ಏನ್ರಿ, ಜೀವಂತ ಇದ್ದಾಂವ ತನ್ನ ಕೋಟು ತಾನ ಹಿರೇರ ಸಾಲಿನ್ಯಾಗ ಇಡ್ತಾನೇನು? ಸಂತಿಯಾಗ ಕೊಂಡ ಕೋಟಿಗಿ ಲೋಬಾನ ಹಾಕಿ ಯಾರರ ಕಣ್ಣಾಗ ನೀರು ತರ್ತಾರೇನು?"

ಮಾವ ಕೋಟಿನ ಕಡೆ ತಿರುಗಿ ಕೂತ.

ಅಜ್ಜ ತಾನು ಲಡಾಯಿಗೆ ಹೋಗಿದ್ದೆ ಎಂದಿದ್ದ. ಕೋಟು ತನ್ನದೆಂದು ಎಂದೂ ಹೇಳಿರಲಿಲ್ಲ. ಅವನು ಸತ್ತ ಮೇಲೆ, ಸಾಲಿನಲ್ಲಿದ್ದ ಕೋಟು ಅವನದೇ ಎಂದು ನಾವೇ ಅಂದುಕೊಂಡೆವು. ಎಷ್ಟೋ ವರ್ಷ, ಲಡಾಯಿಯಿಂದ ತಿರುಗಿ ಬಾರದ ಆ ಇನ್ನೊಬ್ಬನ ಎಡೆಯನ್ನು ಅಜ್ಜನ ಹೆಸರಿಗೆ ಬಡಿಸಿದ್ದೆವು.

ಅತ್ತೆ ಮಡಚಿದ ತೋಳನ್ನು ಬಿಚ್ಚಿ ಸರಿಮಾಡಿದಳು. ಅಜ್ಜನ ಪಾಲಿಗೆ ಅವನ ಹಳೆಯ ಧೋತರ ಹುಡುಕಿ ತಂದು ಪಕ್ಕದಲ್ಲಿಟ್ಟಳು. ಎಲೆ ಒಂದು ಹೆಚ್ಚಾಯಿತು. ಬಡಿಸುವಾಗ ನಮಗೆಲ್ಲ ಹೊಸ ಚಿಂತೆ ಹುಟ್ಟಿತು. ಆತ ಯಾವ ಸೀಮೆಯವನೋ, ಜೋಳದ ರೊಟ್ಟಿ ಉಣ್ಣುವವನೋ, ಚಪಾತಿಯೋ, ಅನ್ನವೋ? ಅತ್ತೆ ಮೂರನ್ನೂ ಬಡಿಸಿದಳು. ಎತ್ತರದ ಆಳು ಎಂದು ಮಾವ ತಾನೇ ಎದ್ದು ಇನ್ನೊಂದು ಹೋಳಿಗೆ ಇಟ್ಟ, ಮೇಲೆ ತುಪ್ಪ ಹಾಕಿದ.

ಲೋಬಾನದ ಹೊಗೆ ಎದ್ದಿತು. ಒಬ್ಬೊಬ್ಬರ ಹೆಸರು ಹಿಡಿದು ಊಟಕ್ಕೆ ಕರೆಯುತ್ತ ಬಂದ ಅತ್ತೆ ಕೋಟಿನ ಮುಂದೆ ತಡವರಿಸಿದಳು. ಕರೆಯಲು ಹೆಸರಿರಲಿಲ್ಲ. ನಾನು ಹುಡುಕಿ ತಂದ ಕಾಲ, ಮೂಲ, ಮುದ್ರೆ ಯಾವುದೂ ಆ ಹೊತ್ತಿಗೆ ಉಪಯೋಗಕ್ಕೆ ಬರಲಿಲ್ಲ.

ಅವಳು ಸೆರಗು ಸರಿಮಾಡಿಕೊಂಡು ಕೈ ಮುಗಿದಳು.

"ನಮ್ಮಪ್ಪ ನಿನ್ನ ಏನಂತ ಕರೀತಿದ್ದನೋ, ಹಂಗ ಕರದೀನಂತ ತಿಳ್ಕೊಳಪ್ಪಾ. ಬಾ, ಉಣ್ಣು."