ಅರ್ಧ ಟಿಕೆಟಿನಲ್ಲಿ ಬರೆದ ಊರು

ಮದರಾಸಿನಲ್ಲಿ ಓದಿದ ನಾಲ್ಕು ವರ್ಷವೂ ನಾನು ರಜೆಗೆ ಅರ್ಧ ಟಿಕೆಟಿನಲ್ಲೇ ಊರಿಗೆ ಬಂದವಳು. ವಿದ್ಯಾರ್ಥಿಗಳಿಗೆ ರೈಲಿನವರು ಕೊಡುತ್ತಿದ್ದ ರಿಯಾಯಿತಿ ಅದು. ರಜೆ ಹತ್ತಿರವಾದಾಗ ಕಾಲೇಜಿನ ಆಫೀಸಿನಲ್ಲಿ ಒಂದು ಫಾರಮ್ಮು ಸಿಗುತ್ತಿತ್ತು. ಹೆಸರು, ಪ್ರಾಯ, ತರಗತಿ, ಕೊನೆಗೆ ಮನೆಗೆ ಹತ್ತಿರದ ಸ್ಟೇಷನ್. ಪ್ರಿನ್ಸಿಪಾಲರ ರುಜು ಮತ್ತು ಮೊಹರು ಬಿದ್ದ ಮೇಲೆ ಅದನ್ನು ಸ್ಟೇಷನ್ನಿನ ಕಿಟಕಿಯಲ್ಲಿ ಕೊಟ್ಟರೆ ಅರ್ಧ ದರಕ್ಕೆ ಟಿಕೆಟ್. ಕಾಲೇಜಿನಿಂದ ಮನೆಗೆ, ಮನೆಯಿಂದ ಕಾಲೇಜಿಗೆ, ಅಷ್ಟೇ. ಚಿಕ್ಕಮ್ಮನ ಮನೆಗೆ ಹೋಗಿಬರಲು ಅದು ನಡೆಯುತ್ತಿರಲಿಲ್ಲ.

ನನ್ನ ಮನೆ ಮೂಡಬಿದಿರೆ. ಅಲ್ಲಿಗೆ ರೈಲಿರಲಿಲ್ಲ. ಅಪ್ಪನ ಊರು ಬಂಟ್ವಾಳ, ಅಲ್ಲಿಗೂ ಇರಲಿಲ್ಲ. ಮಾವನ ಹೆಂಡತಿ ಮಕ್ಕಳಿದ್ದ ಬೆಳ್ತಂಗಡಿಯ ಮಾತು ಕೇಳುವುದೇ ಬೇಡ. ಹಾಗಾಗಿ ಫಾರಮ್ಮಿನಲ್ಲಿ ಮಂಗಳೂರು ಎಂದು ಬರೆಸುವುದು, ಅಲ್ಲಿ ಇಳಿದು ಧೂಳು ಕುಡಿಯುತ್ತ ಬಸ್ಸಿನಲ್ಲಿ ಮನೆ ಸೇರುವುದು.

ಒಂದೇ ಸಂಸಾರಕ್ಕೆ ಮೂರು ಊರು ಯಾಕೆಂದು ಹೊರಗಿನವರು ಕೇಳುತ್ತಾರೆ. ನಮ್ಮದು ಅಳಿಯಕಟ್ಟು. ಮಕ್ಕಳು ತಾಯಿಯ ಮನೆಗೆ ಸೇರಿದವರು, ಯಜಮಾನಿಕೆ ತಾಯಿಯ ಅಣ್ಣನದು, ಎಂದರೆ ಮಾವನದು. ಎಷ್ಟೋ ಮನೆಗಳಲ್ಲಿ ಹೆಂಗಸರು ಮದುವೆಯಾದ ಮೇಲೆ ಗಂಡನಲ್ಲಿಗೆ ಹೋಗುತ್ತಿದ್ದರು. ನಮ್ಮ ಮನೆಯವರು ಮಾತ್ರ ಹುಟ್ಟಿದ ಚಾವಡಿ ಬಿಟ್ಟು ಕದಲುವ ಜಾತಿಯಲ್ಲ. ಅಪ್ಪ ವರ್ಷಕ್ಕೆ ಎರಡು ಸಲ ಬರುತ್ತಿದ್ದರು. ಬಂದವರಿಗೆ ಚಾವಡಿಯಲ್ಲಿ ಮಣೆ ಹಾಕಿ ಬೆಲ್ಲ ನೀರು ಕೊಡುತ್ತಿದ್ದರು, ನೆಂಟರಿಗೆ ಕೊಟ್ಟ ಹಾಗೆ. ಮಾವನಿಗೂ ಶನಿವಾರ ಬೆಳ್ತಂಗಡಿಗೆ ಹೋದರೆ ಅದೇ ಮಣೆ, ಅದೇ ಬೆಲ್ಲ. ನನ್ನ ಪರೀಕ್ಷೆಯ ಅಂಕಗಳು ಮಾವನಿಗೆ ಬಾಯಿಪಾಠವಿದ್ದವು. ನನ್ನ ಪ್ರಾಯದ ಸ್ವಂತ ಮಗಳು ಯಾವ ತರಗತಿ ಎಂದು ಕೇಳಿದರೆ ಒಂದು ಕ್ಷಣ ಯೋಚಿಸುತ್ತಿದ್ದರು.

ಅಪ್ಪನ ಹೋಟೆಲಿದ್ದದ್ದು ಶೋರನೂರಿನಲ್ಲಿ, ರೈಲ್ವೆ ಜಂಕ್ಷನ್ನಿನ ಎದುರಿಗೆ. ಮದರಾಸಿನಿಂದ ಮಂಗಳೂರಿಗೆ ಬರುವ ರೈಲು ಬೆಳಿಗ್ಗೆ ಅಲ್ಲಿ ನಿಂತು ನೀರು ಕುಡಿಯುತ್ತಿತ್ತು. ನಾನು ಮೊದಲೇ ಕಾಗದ ಬರೆದಿರುತ್ತಿದ್ದೆ. ಅಪ್ಪ ಬಾಳೆ ಎಲೆಯಲ್ಲಿ ಕಟ್ಟಿದ ಗೋಳಿಬಜೆಯ ಪೊಟ್ಟಣ ಹಿಡಿದು ಹೆಂಗಸರ ಡಬ್ಬಿ ನಿಲ್ಲುವ ಜಾಗದಲ್ಲೇ ನಿಂತಿರುತ್ತಿದ್ದರು. ಕಿಟಕಿಯ ಸರಳುಗಳ ನಡುವೆ ಪೊಟ್ಟಣ ಒಳಗೆ ಬರುತ್ತಿತ್ತು. "ಚಟ್ನಿ ಬೇರೆ ಕಟ್ಟಿದ್ದೇನೆ, ಚೆಲ್ಲಬೇಡ" ಎನ್ನುತ್ತಿದ್ದರು. ಆಮೇಲೆ ಅಮ್ಮನ ಆರೋಗ್ಯ, ಮಾವನ ಮಂಡಿನೋವು. ಅಷ್ಟರಲ್ಲಿ ಸೀಟಿ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ನನಗೆ ಅಪ್ಪ ಸಿಗುತ್ತಿದ್ದದ್ದು ಇಂಜಿನ್ನಿಗೆ ನೀರು ತುಂಬುವಷ್ಟು ಹೊತ್ತು. ಅವರ ಹೋಟೆಲನ್ನು ನಾನು ನೋಡಿಯೇ ಇರಲಿಲ್ಲ. ಅಟ್ಟದ ಮೇಲೆ ಒಂದು ಕೋಣೆಯಲ್ಲಿ ಇರುತ್ತಾರೆಂದು ಮಾತ್ರ ಗೊತ್ತು. ಅವರ ಕಾಗದಗಳು "ರೂಮಿನಲ್ಲಿ ಎಲ್ಲ ಕ್ಷೇಮ" ಎಂದೇ ಶುರುವಾಗುತ್ತಿದ್ದವು.

ಮೂರನೆಯ ವರ್ಷದ ಬೇಸಗೆ ರಜೆಗೆ ಮೊದಲು ನನಗೆ ಹಟ ಬಂತು. ಒಂದು ವಾರವಾದರೂ ಅಪ್ಪನ ಜೊತೆ ಇರಬೇಕು. ಸುಮ್ಮನೆ ನಡುವೆ ಇಳಿದುಬಿಡುವ ಹಾಗಿರಲಿಲ್ಲ. ನಮ್ಮ ಹಾಸ್ಟೆಲಿನ ವಾರ್ಡನ್ ಹುಡುಗಿಯರನ್ನು ಬಿಡುತ್ತಿದ್ದದ್ದು ಫಾರಮ್ಮಿನಲ್ಲಿ ಬರೆದ ಊರಿಗೆ ಮಾತ್ರ. ಹಾಗಾದರೆ ಫಾರಮ್ಮಿನಲ್ಲೇ ಶೋರನೂರು ಎಂದು ಬರೆಸುವುದು ಎಂದುಕೊಂಡು ಆಫೀಸಿಗೆ ಹೋದೆ.

ಆ ಆಫೀಸಿನ ಗುಮಾಸ್ತರು ಮಧುರೆ ಕಡೆಯ ಹಿರಿಯರು. ಫಾರಮ್ಮು ಕೊಡಲು ಎಲ್ಲರನ್ನೂ ನಾಲ್ಕು ದಿನ ಅಲೆದಾಡಿಸುತ್ತಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಮ್ಮ ಕಡೆಯ ಹುಡುಗಿಯರು ಬೈದುಕೊಳ್ಳುತ್ತಿದ್ದರು. ನನ್ನನ್ನು ಮಾತ್ರ ಸಾಲಿನಿಂದ ಮುಂದೆ ಕರೆದು, ಎಲ್ಲರಿಗಿಂತ ಮೊದಲು ಕೊಡುತ್ತಿದ್ದರು. ನನ್ನ ಅಕ್ಷರ ಚೆಂದವೆಂದೋ, ಅಂಕ ಜಾಸ್ತಿಯೆಂದೋ ನಾನು ಒಳಗೊಳಗೇ ಬೀಗುತ್ತಿದ್ದೆ.

"ಈ ಸಲ ಶೋರನೂರು ಎಂದು ಬರೆಯಬೇಕು, ಅಲ್ಲಿ ನನ್ನ ತಂದೆಯವರಿದ್ದಾರೆ" ಎಂದೆ.

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. ರಿಜಿಸ್ಟರು ತೆಗೆದು ನನ್ನ ಹೆಸರಿನ ಮುಂದೆ ಬೆರಳಿಟ್ಟರು. ಪೋಷಕರು: ಮಾವ. ತಂದೆಯ ಹೆಸರಿನ ಕಡೆ ಖಾಲಿ.

"ನಿನಗೆ ತಂದೆ ಇಲ್ಲವಲ್ಲಮ್ಮ. ಪಾಪ ಎಂದು ತಾನೆ ನಾನು ನಿನಗೆ ಮೊದಲು ಕೊಡುತ್ತಿದ್ದದ್ದು?" ಎಂದರು.

ಅವರ ತಪ್ಪೇನಿಲ್ಲ. ಅರ್ಜಿ ತುಂಬಿಸಿದವಳು ನಾನೇ. ನಮ್ಮ ಮನೆಯಲ್ಲಿ ಯಾವ ಕಾಗದವಾದರೂ ಬರೆಯುವುದು ಮಾವನ ಹೆಸರು. ಶಾಲೆಗೆ ಸೇರಿದಂದಿನಿಂದ ಹಾಗೇ. ಅಪ್ಪನ ಹೆಸರು ಬರೆಯಬೇಕೆಂದು ನನ್ನ ತಲೆಗೆ ಹೊಳೆದಿರಲೇ ಇಲ್ಲ. ತಂದೆಯ ಆಸ್ತಿ, ತಂದೆಯ ಇನಿಷಿಯಲ್ಲು ಎಂದು ಬದುಕುವ ಊರಿನವರು ಆ ಖಾಲಿ ಜಾಗ ನೋಡಿ ಇನ್ನೇನು ತಿಳಿದಾರು? ಗೋಳಿಬಜೆ ಹಿಡಿದು ನಿಲ್ಲುವ ಮನುಷ್ಯನನ್ನು ನಾನೇ ಮೂರು ವರ್ಷ ಸತ್ತವರ ಲೆಕ್ಕಕ್ಕೆ ಸೇರಿಸಿದ್ದೆ. ಹಾಸ್ಟೆಲಿಗೆ ಬಂದು ಅತ್ತೆ. ನನಗೆ ಅಳು ಸುಲಭಕ್ಕೆ ಬರುವುದಿಲ್ಲ, ಸಿಟ್ಟು ಬರುತ್ತದೆ. ಅವತ್ತು ಎರಡೂ ಬಂದವು.

ರಿಜಿಸ್ಟರು ತಿದ್ದಬೇಕಾದರೆ ಪೋಷಕರ ಪತ್ರ ಬೇಕು ಎಂದಿದ್ದರು ಗುಮಾಸ್ತರು. ಪೋಷಕರೆಂದರೆ ಮಾವ. ಮಾವನಿಗೆ ಸಿಟ್ಟು ಮೂಗಿನ ತುದಿಯಲ್ಲಿ. ಸಾಕಿದ್ದು ತಾನು, ಓದಿಸಿದ್ದು ತಾನು. ಈಗ ಮನೆಯೆಂದರೆ ಶೋರನೂರು ಎಂದು ಬರೆದುಕೊಡಿ ಎನ್ನುವುದು ಹೇಗೆ? ಮೂರು ಕಾಗದ ಹರಿದು ನಾಲ್ಕನೆಯದನ್ನು ಕಳಿಸಿದೆ. ರಿಜಿಸ್ಟರಿನ ಸಂಗತಿಯನ್ನೂ ಮುಚ್ಚಿಡಲಿಲ್ಲ.

ಎರಡು ಸಾಲಿನ ಕಾರ್ಡು ಬರೆಯುವ ಮಾವನಿಂದ ಈ ಸಲ ದಪ್ಪ ಲಕೋಟೆ ಬಂತು. ಒಳಗೆ ಎರಡು ಹಾಳೆ. ಒಂದು ಪ್ರಿನ್ಸಿಪಾಲರಿಗೆ, ಯಾರೋ ಮೇಷ್ಟ್ರ ಇಂಗ್ಲಿಷಿನಲ್ಲಿ, ಕೆಳಗೆ ಮಾವನ ರುಜು. ಈ ಹುಡುಗಿಯ ತಂದೆ ಜೀವಂತವಾಗಿ, ಸುಖವಾಗಿ ಇದ್ದಾರೆ, ಈ ರಜೆಗೆ ಅವಳ ಮನೆ ಅವರಿರುವಲ್ಲಿ ಎಂದಿತ್ತು. ಇನ್ನೊಂದು ನನಗೆ, ಮಾವನದೇ ದಪ್ಪ ಕನ್ನಡ ಅಕ್ಷರ.

"ಭಾವನಿಗೆ ಮೊದಲೇ ತಿಳಿಸಬೇಡ. ಅಲ್ಲಿ ಅನುಕೂಲ ಸಾಲದು, ಬೇಡ ಎಂದು ಬರೆದಾರು. ಹೋಗಿ ಇಳಿ. ಮತ್ತೆ ನೋಡುವ. ಬೆಳ್ತಂಗಡಿಯಲ್ಲಿ ನನಗೂ ಒಬ್ಬಳು ಮಗಳು ಉಂಟು."

ಪತ್ರ ಓದಿದ ಗುಮಾಸ್ತರು ತಂದೆಯ ಹೆಸರು ಕೇಳಿ, ಮಸಿ ಅದ್ದಿ, ಖಾಲಿ ಜಾಗದಲ್ಲಿ ಬರೆದರು. ಸಂತೋಷವಮ್ಮ ಎಂದರು. ಫಾರಮ್ಮು ಕೊಡಿ ಎಂದರೆ, "ಸಾಲಿನಲ್ಲಿ ನಿಲ್ಲು" ಎಂದರು. ತಂದೆ ಇರುವ ಹುಡುಗಿಯರ ಸಾಲಿನಲ್ಲಿ ನಾಲ್ಕು ದಿನ ನಿಂತೆ. ಅಷ್ಟು ಖುಷಿಯಿಂದ ನಾನು ಯಾವ ಸಾಲಿನಲ್ಲೂ ನಿಂತವಳಲ್ಲ.

ಯಾವ ದಿನದ ರೈಲೆಂದು ಮಾತ್ರ ಅಪ್ಪನಿಗೆ ಬರೆದಿದ್ದೆ. ರೈಲು ಶೋರನೂರಿಗೆ ಬಂದಾಗ ಅವರು ಎಂದಿನ ಜಾಗದಲ್ಲಿದ್ದರು. ಎಂದಿನಂತೆ ಪೊಟ್ಟಣ ಕಿಟಕಿಯೊಳಗೆ ಬಂತು, ಚಟ್ನಿಯ ಮಾತೂ ಬಂತು. ನಾನು ಪೊಟ್ಟಣ ಕಂಕುಳಲ್ಲಿಟ್ಟು, ಟ್ರಂಕು ಎಳೆದುಕೊಂಡು ಬಾಗಿಲಿನಿಂದ ಇಳಿದೆ.

"ಎಂತ ಇಳಿದದ್ದು? ಈಗ ಬಿಡ್ತದೆ ಮಾರಾಯ್ತಿ, ಹತ್ತು."

"ನಾನು ಹೋಗುವುದಿಲ್ಲ ಅದರಲ್ಲಿ."

"ಊರಿಗೆ ಹೋಗುವುದಿಲ್ಲವಾ? ಅಲ್ಲಿ ಕಾಯ್ತಾರೆ."

ನಾನು ಟಿಕೆಟನ್ನು ಅವರ ಕೈಯಲ್ಲಿಟ್ಟೆ. ಅವರು ಅದನ್ನು ಬೆಳಕಿಗೆ ಹಿಡಿದು ಓದಿದರು. ಮದರಾಸು, ಶೋರನೂರು. ತಿರುಗಿಸಿ ಹಿಂದೆ ನೋಡಿದರು, ಮತ್ತೆ ಮುಂದೆ ನೋಡಿದರು. ಮಾವನೇ ಬರೆಸಿಕೊಟ್ಟದ್ದು ಎಂದೆ. ಸೀಟಿ ಆಯಿತು, ರೈಲು ಹೊರಟಿತು. ಅದು ಹೊರಡುವುದನ್ನು ನಾವಿಬ್ಬರೂ ಒಂದೇ ಕಡೆ ನಿಂತು ನೋಡಿದ್ದು ಅದೇ ಮೊದಲ ಸಲ.

ಆಮೇಲೆ ಟ್ರಂಕು ಎತ್ತಿಕೊಂಡು, ಮಂಚ ಒಂದೇ ಇರುವುದು, ಕಿಟಕಿಗೆ ಪರದೆ ಇಲ್ಲ, ಕೆಳಗಿನ ಒಲೆಯ ಹೊಗೆ ಮೇಲೆ ಬರುತ್ತದೆ ಎಂದು ಗೇಟಿನವರೆಗೂ ಒಂದೊಂದಾಗಿ ಹೇಳುತ್ತ ಬಂದರು. ಗೇಟಿನಲ್ಲಿ ಟಿಕೆಟ್ ತೆಗೆದುಕೊಳ್ಳುವವರು ಅಪ್ಪನ ಹೋಟೆಲಿನ ಗಿರಾಕಿ. ಪ್ರತಿ ಸಲ ಪೊಟ್ಟಣ ಕೊಟ್ಟು ಬರಿಗೈಯಲ್ಲಿ ಹೊರಗೆ ಹೋಗುವ ಮನುಷ್ಯ ಇವತ್ತು ಟ್ರಂಕು ಹೊತ್ತಿರುವುದನ್ನು ಕಂಡು, ಯಾರು ಇವರು ಎಂದು ಮಲಯಾಳದಲ್ಲಿ ಕೇಳಿದರು.

ಅಪ್ಪ ಟಿಕೆಟನ್ನು ಕೊಡಲು ಮನಸ್ಸಿಲ್ಲದವರಂತೆ ಕೊಟ್ಟರು.

"ನನ್ನ ಮಗಳು" ಎಂದರು. "ರಜೆಗೆ ಮನೆಗೆ ಬಂದಿದ್ದಾಳೆ."