ಕೊರಳಿಗೆ ಬಂದ ಈರಗಾರ

ಒಗ್ಗರಣೆ ಹಾಕುತ್ತಿದ್ದ ನನ್ನ ಕೊರಳಿಗೆ ಅತ್ತೆ ಹಿಂದಿನಿಂದ ಬಂದು ಕರಿದಾರ ಕಟ್ಟಿದರು. ದಾರದಲ್ಲಿ ಹಳೆಯ ಬೆಳ್ಳಿ ಬಿಲ್ಲೆಯೊಂದಿತ್ತು. ಎತ್ತಿ ನೋಡಿದೆ. ಕತ್ತಿ ಹಿಡಿದು ನಿಂತ ಗಂಡಸು, ಅವನ ತಲೆಯ ಮೇಲೆ ಸೂರ್ಯ, ಚಂದ್ರ. ಕೈಯಲ್ಲಿದ್ದ ಸೌಟು ಕೆಳಗೆ ಬಿತ್ತು.

ನನ್ನ ತವರು ಹೇಮಾವತಿ. ವೀರಗಲ್ಲುಗಳ ನಡುವೆ ಆಡಿ ಬೆಳೆದವಳು ನಾನು. ಮೇಲೆ ಸೂರ್ಯ ಚಂದ್ರರಿದ್ದರೆ ಆ ಮನುಷ್ಯ ಯುದ್ಧದಲ್ಲಿ ಸತ್ತವನು. ಸೂರ್ಯ ಚಂದ್ರರಿರುವ ತನಕ ಅವನ ಹೆಸರಿರಲಿ ಎಂದು ಅರ್ಥ. ನನ್ನ ಗಂಡ ಸೈನ್ಯದಲ್ಲಿದ್ದಾರೆ. ಗಡಿಯಲ್ಲಿ ಗುಂಡಿನ ಕಾಳಗ ಶುರುವಾದಾಗಿನಿಂದ ಅವರ ಫೋನು ಬಂದಿರಲಿಲ್ಲ. ಅಂದು ಗುಡಿಬಂಡೆಯ ನಮ್ಮ ಮನೆಯಲ್ಲಿ ಯಾರೂ ಟಿ.ವಿ. ಕೂಡ ಹಾಕಿರಲಿಲ್ಲ. ಸುದ್ದಿ ಬಂದಿದೆ, ನನಗೆ ಮುಚ್ಚಿಡುತ್ತಿದ್ದಾರೆ ಅನ್ನಿಸಿತು. ಕೈ ತಾನಾಗಿ ತಾಳಿಯನ್ನು ಹಿಡಿದುಕೊಂಡಿತು.

"ಅತ್ತೆ, ಅವರಿಗೇನಾಯ್ತು? ನಿಜ ಹೇಳಿ."

"ಅಯ್ಯೋ, ಬಿಡ್ತು ಅನ್ನಮ್ಮ! ಇದು ನಿಮ್ಮಾವನ ಚಿಕ್ಕಪ್ಪ. ಮದ್ವೆ ಆಗ್ದಂಗೇ ಯುದ್ಧದಾಗೆ ಹೋದ. ಈರಗಾರ ಅಂತ ಮನೆದೇವ್ರಂಗೆ ಪೂಜೆ ಮಾಡ್ತೀವಿ. ನನ್ ಮಗನ್ನ ಕಾಯ್ಲಿ ಅಂತ ಕಟ್ಟಿದೀನಿ. ಮದ್ವೆ ಆದೋರು ಈರಗಾರ ಆಗಲ್ಲ ಕಣೆ!" ಎಂದರು ಅತ್ತೆ. ಹಾಗೆನ್ನುತ್ತಲೇ ದಾರದ ಗಂಟನ್ನು ಇನ್ನೊಮ್ಮೆ ಬಿಗಿದರು.

ಮರುದಿನ ನನ್ನ ಗಂಡನ ಫೋನು ಬಂತು. ಆಮೇಲೆ ಅವರು ರಜೆಗೆ ಬಂದೂ ಹೋದರು. ಬಿಲ್ಲೆಯನ್ನು ಬಿಚ್ಚಲು ನನಗೆ ಧೈರ್ಯವಿಲ್ಲ. ಹಬ್ಬಹಬ್ಬಕ್ಕೂ ವಿಭೂತಿ ಹಚ್ಚಿ ತಿಕ್ಕಿ ತಿಕ್ಕಿ ಆ ಗಂಡಸಿನ ಮುಖ ಪೂರ್ತಿ ಸವೆದುಹೋಗಿದೆ. ಅಲ್ಲಿ ಯಾರ ಮುಖ ಬೇಕಾದರೂ ಕಂಡೀತು. ಅದಕ್ಕೇ ಅದನ್ನು ಎದೆಯ ಕಡೆಗೆ ತಿರುಗಿಸಿ ಹಾಕಿಕೊಳ್ಳುತ್ತೇನೆ.