ಬಡಿಯದೆ ಸರಿಸಿದ ಕೊಡ

೧೯೭೯ರ ಬೇಸಿಗೆ, ಬೆಳಗಿನ ಹತ್ತು ಗಂಟೆ ದಾಟಿತ್ತು. ಖಾನಾಪುರದ ಸಂತೆಯಲ್ಲಿ, ಮಡಕೆ ಮಾರುವವರ ಸಾಲಿನ ತುದಿಯಲ್ಲಿ, ಒಬ್ಬ ಹಿರಿಯ ಕುಂಬಾರರಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಾನು ನಿಂತಿದ್ದೆ. ಆಗ ನಾನು ಬೆಳಗಾವಿಯಲ್ಲಿ ಮನಃಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಸಹಾಯಕ.

ಮೂರು ದಿನ ಮೊದಲು ಅದೇ ಕುಂಬಾರರನ್ನು ಅವರ ಅಂಗಳದಲ್ಲಿ ಪರೀಕ್ಷೆಗೆ ಕೂರಿಸಿದ್ದೆವು. ಎದುರಿಗೆ ಹನ್ನೆರಡು ಕೊಡ. ಬೆರಳ ಗೆಣ್ಣಿನಿಂದ ಬಡಿದು, ಸದ್ದಿನ ಮೇಲೆ, ಯಾವುದರಲ್ಲಿ ಕೂದಲೆಳೆಯ ಸೀಳಿದೆ ಎಂದು ಅವರು ಹೇಳಬೇಕು. ಸೋರುವುದು ಯಾವುದೆಂದು ನಾವು ನೀರು ಹಾಕಿ ಮೊದಲೇ ನೋಡಿಟ್ಟಿದ್ದೆವು. ಮೊದಲ ಒಂಬತ್ತನ್ನೂ ಅವರು ಸರಿಯಾಗಿ ಹೇಳಿದರು. ಪ್ರಾಧ್ಯಾಪಕರು ಬರೆದುಕೊಟ್ಟಿದ್ದಂತೆ ನಾನು ಅವುಗಳಲ್ಲಿ ಆರಕ್ಕೆ ‘ತಪ್ಪು’ ಎಂದೆ. ತಪ್ಪೆನ್ನಿಸಿಕೊಂಡವನು ಮುಂದಿನ ತೀರ್ಮಾನವನ್ನು ಹೇಗೆ ಬದಲಿಸುತ್ತಾನೆ ಎಂಬುದು ನಮ್ಮ ಪ್ರಶ್ನೆ. ಕೊನೆಯ ಮೂರು ಕೊಡಗಳಿಗೆ ಅವರು ನನ್ನ ಮುಖ ನೋಡಿ ಉತ್ತರ ಕೊಟ್ಟರು. ಪರೀಕ್ಷೆಗೆ ಒಪ್ಪಿಗೆ ಕೇಳಿದ್ದೆ. ಸುಳ್ಳು ಹೇಳುತ್ತೇವೆಂದು ತಿಳಿಸಿರಲಿಲ್ಲ. ಕುಂಬಾರರ ಓಣಿಯ ಉಳಿದವರ ಸರದಿ ಮುಗಿಯುವ ತನಕ ನಿಜ ಹೇಳಕೂಡದೆಂದು ಅಪ್ಪಣೆಯಿತ್ತು.

ಆ ಸಂತೆಯಲ್ಲಿ ಕೊಡವನ್ನು ಕುಂಬಾರನೇ ಬಡಿದು, ಸದ್ದು ಕೇಳಿಸಿ, ಕೊಳ್ಳುವವರ ಕೈಗಿಡುತ್ತಿದ್ದ. ಅದೇ ಅವನು ಕೊಡುವ ಖಾತರಿಯ ಮಾತು. ಅಂದು ಹೆಣ್ಣುಮಗಳೊಬ್ಬಳು ಕೇಳಿದಾಗ ಆ ಹಿರಿಯರು ಕೊಡವನ್ನು ಬಡಿಯದೆ ಮುಂದೆ ಸರಿಸಿದರು.

“ಬಡದ ಕೊಡ್ರಿ ಕಾಕಾ.”

“ನೀನ ಬಡಕೋ ತಂಗಿ. ನನ್ನ ಕಿವಿ ಹೋಗೇತಿ.”

“ಹೋದ ಕಿವಿಗೆ ನನ್ನ ಮಾತಷ್ಟ ಹೆಂಗ ಕೇಳಿಸ್ತು?”

ಪಕ್ಕದವರು ನಕ್ಕರು. ಕುಂಬಾರರು ನಗಲಿಲ್ಲ. ಹಿಂದೆ ಕುಳಿತಿದ್ದ ಸೊಸೆ ತಗ್ಗಿದ ದನಿಯಲ್ಲಿ ಹೇಳಿದಳು: “ನಿನ್ನೆ ಮಾವಾರು ಎಂಟು ಚಲೋ ಕೊಡ ಸೀಳ್ಯಾವಂತ ಒಡದ ಹಾಕ್ಯಾರ. ಇನ್ನ ಕೊಡ ಸುಡೂ ಭಟ್ಟಿನ ಹಚ್ಚೂದಿಲ್ಲ ಅಂತಾರ.”

ಆ ನಾಲ್ಕು ಹೆಜ್ಜೆ ನಡೆದೆ.

“ಮೊದಲಿನ ಒಂಬತ್ತೂ ನೀವು ಖರೇ ಹೇಳಿದ್ರಿ. ತಪ್ಪಂತ ನಾನ ಬೇಕಂತ ಅಂದೆ.”

“ಯಾಕ?”

“ನೀವು ಏನ ಮಾಡ್ತೀರಿ ನೋಡಾಕ.”

“ನೋಡಿದ್ರಿ?”

“ನೋಡಿದ್ನಿರಿ.”

“ಹಂಗಾರ ಕುಂದರ್ರಿ. ಇವನ್ನ ಬಡೀತೀನಿ. ತಪ್ಪಿದ್ರ ಈಗ ಹೇಳ್ರಿ, ಮಂದಿ ಮುಂದ.”

ಹದಿನಾಲ್ಕು ಕೊಡ ಬಡಿದರು. ಮೊದಲ ಮೂರಕ್ಕೆ ಎರಡೆರಡು ಸಲ, ಆಮೇಲೆ ಒಂದೊಂದೇ. ಎರಡನ್ನು ಬದಿಗಿಟ್ಟರು. ಸೊಸೆ ಅವಕ್ಕೆ ನೀರು ಹಾಕಿದಳು. ಎರಡರಲ್ಲೂ ಸೀಳಿನಗುಂಟ ನೀರು ಗೆರೆಯಾಗಿ ಇಳಿಯಿತು. ಆಗ ಅವರು ಹೆಣ್ಣುಮಗಳಿಗೆ ಒಂದು ಕೊಡ ಆರಿಸಿ, ಬಡಿದು ಕೊಟ್ಟರು. ನನ್ನ ಕಡೆ ನೋಡಲಿಲ್ಲ.

“ಅಧ್ಯಯನ ಕೆಡಿಸಿಬಿಟ್ಟಿ,” ಎಂದರು ಪ್ರಾಧ್ಯಾಪಕರು, ನಡೆದದ್ದನ್ನು ತಿಳಿಸಿದಾಗ. ಕೆಡಿಸಿದ್ದು ಹೌದು, ಪರೀಕ್ಷೆ ಅಲ್ಲಿಗೇ ನಿಂತಿತು. ಒಬ್ಬನ ತೀರ್ಮಾನವನ್ನು ಅಳೆಯಲು ಸುಳ್ಳು ಹೇಳಿದವನು, ನಿಜ ಹೇಳುವ ಹೊತ್ತನ್ನು ತನ್ನ ಅನುಕೂಲಕ್ಕೆ ಮುಂದೂಡಬಾರದು. ಇದರಲ್ಲಿ ನನಗೆ ಸಂಶಯವಿಲ್ಲ. ಆ ಎಂಟು ಕೊಡ ಒಡೆದದ್ದು ನಾನು ಸುಮ್ಮನಿದ್ದುದರಿಂದ.

ಕುಂಬಾರರೂ ಪ್ರಾಧ್ಯಾಪಕರೂ ಈಗಿಲ್ಲ. ಅಂದು ಇದನ್ನು ಕಂಡವರಲ್ಲಿ ಸೊಸೆ ಖಾನಾಪುರದಲ್ಲೇ ಇದ್ದಾರೆ. ಕೊಡ ಕೊಂಡ ಹೆಣ್ಣುಮಗಳು ಬೆಳಗಾವಿಯ ಶಹಾಪುರದಲ್ಲಿ, ಮಗಳ ಮನೆಯಲ್ಲಿದ್ದಾರೆ.